ನಡೆದರೆ ಬೇಗವೋ, ರಿಕ್ಷಾದಲ್ಲಿ ಬೇಗವೋ? ಚುಕ್ಕಿ ಇಟ್ಟು, ಪೆಟ್ಟಿಗೆ ಬರೆದು ನೋಡೋಣ

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಮನೆಯಿಂದ ರೈಲ್ವೆ ಸ್ಟೇಷನ್ನಿಗೆ ಎರಡು ಬಗೆಯಲ್ಲಿ ಹೋಗಬಹುದು. ಒಂದು, ನಡೆದು. ಇನ್ನೊಂದು, ಗಲ್ಲಿಯ ಮೂಲೆಯಲ್ಲಿ ಶೇರ್ ರಿಕ್ಷಾದ ಸಾಲಿನಲ್ಲಿ ನಿಂತು, ಸರದಿ ಬಂದಾಗ ಹತ್ತಿ. ನಮ್ಮ ಮನೆಯಲ್ಲಿ ಬೆಳಗಿನ ಚಹಾದ ಜೊತೆ ದಿನಾ ಇದೇ ಮಾತು. ಹೆಂಡತಿ ರಿಕ್ಷಾದ ಪರ, ನಾನು ನಡಿಗೆಯ ಪರ. ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಳೆ. ಒಂದು ದಿನ ಅವಳು ಕೇಳಿದಳು: "ಅಪ್ಪಾ, ಇಬ್ಬರೂ ಬರೀ ಬಾಯಲ್ಲಿ ಹೇಳ್ತೀರಿ. ಬರೆದಿಟ್ಟು ನೋಡಿದ್ದೀರಾ?"

ನೋಡಿರಲಿಲ್ಲ. ಅಂದಿನಿಂದ ಒಂದು ವಹಿಯಲ್ಲಿ, ಅಂದರೆ ನೋಟ್‌ಬುಕ್ಕಿನಲ್ಲಿ, ಬರೆದಿಟ್ಟೆವು. 30 ಕೆಲಸದ ದಿನ. 15 ದಿನ ನಡಿಗೆ, 15 ದಿನ ರಿಕ್ಷಾ. ಕೊನೆಗೆ ಕೂಡಿಸಿ ಭಾಗಿಸಿದರೆ ನಡಿಗೆಯ ಸರಾಸರಿ 19 ನಿಮಿಷ. ರಿಕ್ಷಾದ ಸರಾಸರಿಯೂ 19 ನಿಮಿಷ!

ಹಾಗಾದರೆ ಎರಡೂ ಒಂದೇನಾ? ಆ ಸಾಲಿನಲ್ಲಿ ಒಂದು ವಾರ ನಿಂತವರು ಯಾರೂ ಒಪ್ಪುವುದಿಲ್ಲ. ಸರಾಸರಿ ಸುಳ್ಳು ಹೇಳಲಿಲ್ಲ, ಆದರೆ ಹೇಳಬೇಕಾದ್ದನ್ನು ಪೂರ್ತಿ ಹೇಳಲೂ ಇಲ್ಲ. ಬಾಕಿ ಮಾತನ್ನು ಹೊರಗೆ ತರುವುದಕ್ಕೆ ಎರಡು ಚಿತ್ರಗಳಿವೆ. ಒಂದು ಡಾಟ್ ಪ್ಲಾಟ್, ಅಂದರೆ ಚುಕ್ಕಿ ಚಿತ್ರ. ಇನ್ನೊಂದು ಬಾಕ್ಸ್ ಪ್ಲಾಟ್, ಅಂದರೆ ಪೆಟ್ಟಿಗೆ ಚಿತ್ರ.

ನಾನು ಹಗಲು ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಾ ಮುಂಬಯಿಯ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವನು. ಸರಾಸರಿ, ಮಧ್ಯಾಂಕ (ಸಾಲಿನ ನಡುವಿನ ಅಂಕಿ) ಅಲ್ಲಿ ಕಲಿತಿದ್ದೆ. ಈ ಚಿತ್ರಗಳನ್ನು ಕಲಿತದ್ದು ಮಗಳ ಜೊತೆ ಕೂತು, ಈಗ. ಮಕ್ಕಳ ಇಂಗ್ಲಿಷ್ ಗಣಿತ ಪುಸ್ತಕ ತೆರೆದು ಸುಮ್ಮನಾಗುವ ತಂದೆತಾಯಿ ನನ್ನ ಹಾಗೆ ಇನ್ನೂ ಎಷ್ಟೋ ಜನ ಇದ್ದಾರೆ. ಅವರಿಗೋಸ್ಕರ ಇದನ್ನು ನಿಧಾನವಾಗಿ, ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಪೆನ್ಸಿಲ್, ಸ್ಕೇಲು, ಗ್ರಾಫ್ ಕಾಗದ ಇಟ್ಟುಕೊಂಡು ಓದಿ.

ಮೊದಲು ಪ್ರಶ್ನೆ, ಆಮೇಲೆ ವಹಿ

ಅಂಕಿ ಸೇರಿಸುವ ಮುಂಚೆ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ. ನಮ್ಮ ಪ್ರಶ್ನೆ ಇದು: "8.14ರ ಲೋಕಲ್ ರೈಲು ಸಿಗಬೇಕಾದರೆ ಮನೆ ಯಾವಾಗ ಬಿಡಬೇಕು, ಹೇಗೆ ಹೋಗಬೇಕು?" ಮುಂಬಯಿಯಲ್ಲಿ ಗಾಡಿಗೆ ಹೆಸರು ಅಂದರೆ ಅದರ ಟೈಮೇ ಅಲ್ವಾ. ಅದು ತಪ್ಪಿದರೆ ಮುಂದಿನದರಲ್ಲಿ ಕಾಲಿಡಲು ಜಾಗ ಸಿಗುತ್ತದೆ ಅನ್ನುವ ಭರವಸೆ ಇಲ್ಲ.

ಆಮೇಲೆ ಅಳತೆ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಅಂತ ಗಟ್ಟಿ ಮಾಡಿಕೊಳ್ಳಿ. ನಾವು ಬಾಗಿಲಿಗೆ ಬೀಗ ಹಾಕಿದ ಗಳಿಗೆಯಿಂದ ಪ್ಲಾಟ್‌ಫಾರ್ಮಿನ ಮೇಲೆ ಕಾಲಿಟ್ಟ ಗಳಿಗೆಯ ತನಕ ಎಣಿಸಿದೆವು. ಎರಡಕ್ಕೂ ಅದೇ ಅಳತೆ. ರಿಕ್ಷಾದ ಸಾಲಿನಲ್ಲಿ ಕಾಯುವುದನ್ನು ಬಿಟ್ಟು, ಕೂತ ಮೇಲಿನ ನಿಮಿಷ ಮಾತ್ರ ಎಣಿಸಿದರೆ ಹೋಲಿಕೆ ಅಲ್ಲೇ ಕೆಟ್ಟಿತು.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಮೇ ತಿಂಗಳಿಡೀ ನಡೆದು, ಜುಲೈ ತಿಂಗಳಿಡೀ ರಿಕ್ಷಾದಲ್ಲಿ ಹೋದರೆ ನೀವು ಹೋಲಿಸುತ್ತಿರುವುದು ನಡಿಗೆ ಮತ್ತು ರಿಕ್ಷಾವನ್ನಲ್ಲ, ಬಿಸಿಲು ಮತ್ತು ಮಳೆಯನ್ನು. ಅದಕ್ಕೇ ನಾವು ಒಂದು ದಿನ ನಡಿಗೆ, ಮರುದಿನ ರಿಕ್ಷಾ ಅಂತ ಮಾಡಿದೆವು. ವಾರಕ್ಕೆ ಐದೇ ಕೆಲಸದ ದಿನ ಇರುವುದರಿಂದ ಮುಂದಿನ ವಾರ ಸರದಿ ತಾನಾಗಿ ಅದಲುಬದಲಾಗುತ್ತದೆ. ಸೋಮವಾರದ ಗದ್ದಲ ಒಂದರ ಪಾಲಿಗೇ ಬೀಳುವುದಿಲ್ಲ.

ನಮ್ಮ ವಹಿಯ ಅಂಕಿಗಳು ಇವು. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದೇನೆ, ಎಲ್ಲ ನಿಮಿಷಗಳಲ್ಲಿ.

ನಡಿಗೆ: 17, 17, 18, 18, 18, 19, 19, 19, 19, 19, 20, 20, 20, 20, 22

ರಿಕ್ಷಾ: 10, 11, 11, 12, 13, 14, 15, 16, 17, 18, 20, 22, 24, 26, 56

ಎರಡರ ಮೊತ್ತವೂ 285. ಅದನ್ನು 15ರಿಂದ ಭಾಗಿಸಿದರೆ 19. ನಾವು ಮೋಸ ಹೋದದ್ದು ಇಲ್ಲೇ.

ಚುಕ್ಕಿ ಇಡುವುದು

ಹೊಸ್ತಿಲ ಮುಂದೆ ರಂಗೋಲಿಗೆ ಚುಕ್ಕಿ ಇಟ್ಟು ಗೊತ್ತಿದ್ದವರಿಗೆ ಇದು ಎಡಗೈ ಕೆಲಸ. ಕಾಗದದ ಕೆಳಗೆ ಅಡ್ಡ ಗೆರೆ ಎಳೆಯಿರಿ. 0 ಯಿಂದ 60ರ ತನಕ ಸಮದೂರದಲ್ಲಿ ಅಂಕಿ ಹಾಕಿ. ಒಂದು ಸೆಂಟಿಮೀಟರಿಗೆ 5 ನಿಮಿಷ ಅಂತ ಇಟ್ಟುಕೊಂಡರೆ ಪೂರ್ತಿ ಗೆರೆ 12 ಸೆಂಟಿಮೀಟರ್ ಆಗುತ್ತದೆ. ಒಂದು ದಿನಕ್ಕೆ ಒಂದು ಚುಕ್ಕಿ. ಅದೇ ಅಂಕಿ ಮತ್ತೆ ಬಂದರೆ ಚುಕ್ಕಿಯ ತಲೆಯ ಮೇಲೆ ಇನ್ನೊಂದು ಚುಕ್ಕಿ.

ಇಲ್ಲಿ ಪರದೆಯ ಮೇಲೆ ತೋರಿಸಲು ಅನುಕೂಲವಾಗಲಿ ಅಂತ ನಡಿಗೆಯ ಚಿತ್ರವನ್ನು ಮಲಗಿಸಿ ಬರೆದಿದ್ದೇನೆ:

17 ● ●
18 ● ● ●
19 ● ● ● ● ●
20 ● ● ● ●
21
22 ●

ಒಂದು ಗುಡ್ಡದ ಹಾಗೆ ಕಾಣುತ್ತದೆ. 19ರ ಹತ್ತಿರ ಎತ್ತರ, ಆಚೆ ಈಚೆ ಇಳಿಜಾರು. 22ರಲ್ಲಿ ಒಂದೇ ಚುಕ್ಕಿ. ಅವತ್ತು ರೈಲ್ವೆ ಪಾದಚಾರಿ ಸೇತುವೆಯ ಮೇಲೆ ಜನ ಜಾಸ್ತಿ ಇತ್ತು ಅಂತ ವಹಿಯಲ್ಲಿ ಬರೆದಿದ್ದೇನೆ.

ರಿಕ್ಷಾದ ಚಿತ್ರ ನೀವೇ ಬರೆಯಿರಿ. 11ರ ಮೇಲೆ ಎರಡು ಚುಕ್ಕಿ ಬರುತ್ತದೆ, ಬಾಕಿ ಎಲ್ಲ ಒಂದೊಂದೇ. ಗುಡ್ಡವೇ ಇಲ್ಲ. 10ರಿಂದ 26ರ ತನಕ ಚುಕ್ಕಿಗಳು ಹರಡಿಕೊಂಡಿವೆ. ಆಮೇಲೆ ಉದ್ದಕ್ಕೆ ಏನೂ ಇಲ್ಲ. ದೂರದಲ್ಲಿ 56ರ ಮೇಲೆ ಒಂದು ಒಂಟಿ ಚುಕ್ಕಿ.

ಈಗ ಒಂದು ಎಚ್ಚರಿಕೆ. ಎರಡು ಚಿತ್ರಗಳನ್ನೂ ಒಂದೇ ಅಳತೆಯ ಗೆರೆಯ ಮೇಲೆ, ಒಂದರ ಕೆಳಗೆ ಒಂದು ಬರೆಯಬೇಕು. ಮಗಳು ಮೊದಲ ಸಲ ನಡಿಗೆಗೆ 15ರಿಂದ 25ರ ತನಕದ ಗೆರೆ ಹಾಕಿದಳು, ರಿಕ್ಷಾಕ್ಕೆ 0 ಯಿಂದ 60. ಎರಡೂ ಕಾಗದದ ಅಗಲವನ್ನು ತುಂಬಿಕೊಂಡವು. ನೋಡಿದರೆ ಎರಡೂ ಒಂದೇ ಥರ ಹರಡಿದ ಹಾಗೆ ಅನ್ನಿಸಿತು. ಮಕ್ಕಳ ನೋಟ್‌ಬುಕ್ಕಿನಲ್ಲಿ ನಾನು ಅತಿ ಹೆಚ್ಚು ಸಲ ಕಂಡ ತಪ್ಪು ಇದೇ. ಗೆರೆ ಒಂದೇ ಇದ್ದರೆ ಮಾತ್ರ ಕಣ್ಣು ಸರಿಯಾಗಿ ಹೋಲಿಸುತ್ತದೆ.

ಐದು ಅಂಕಿ

ಪೆಟ್ಟಿಗೆ ಚಿತ್ರಕ್ಕೆ ಐದೇ ಅಂಕಿ ಸಾಕು: ಎಲ್ಲಕ್ಕಿಂತ ಚಿಕ್ಕದು, ಮೊದಲನೇ ಚತುರ್ಥಕ, ಮಧ್ಯಾಂಕ, ಮೂರನೇ ಚತುರ್ಥಕ, ಎಲ್ಲಕ್ಕಿಂತ ದೊಡ್ಡದು. ಹೆಸರು ಭಾರ, ಕೆಲಸ ಹಗುರ.

ಅಂಕಿಗಳು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಂತಿವೆ ಅಂದುಕೊಳ್ಳಿ, ಶಾಲೆಯ ಪ್ರಾರ್ಥನೆಗೆ ಮಕ್ಕಳು ಎತ್ತರದ ಪ್ರಕಾರ ನಿಂತ ಹಾಗೆ. 15 ಜನರಲ್ಲಿ ಸರಿಯಾಗಿ ನಡುವೆ ನಿಂತವರು ಎಂಟನೆಯವರು. ಅವರ ಅಂಕಿಯೇ ಮಧ್ಯಾಂಕ. ಅವರನ್ನು ಪಕ್ಕಕ್ಕೆ ಕರೆಯಿರಿ. ಎಡಗಡೆ ಏಳು ಜನ, ಬಲಗಡೆ ಏಳು ಜನ ಉಳಿದರು. ಎಡಗಡೆಯ ಏಳರ ನಡುವಿನವರು ಮೊದಲನೇ ಚತುರ್ಥಕ, ಅಂದರೆ ಸಾಲಿನಲ್ಲಿ ನಾಲ್ಕನೆಯವರು. ಬಲಗಡೆಯ ಏಳರ ನಡುವಿನವರು ಮೂರನೇ ಚತುರ್ಥಕ, ಅಂದರೆ ಹನ್ನೆರಡನೆಯವರು.

ನಡಿಗೆ: 17, 18, 19, 20, 22.
ರಿಕ್ಷಾ: 10, 12, 16, 22, 56.

ಅಂಕಿಗಳ ಸಂಖ್ಯೆ ಸಮವಾಗಿದ್ದರೆ ನಡುವೆ ಇಬ್ಬರು ನಿಲ್ಲುತ್ತಾರೆ. ಆಗ ಆ ಇಬ್ಬರ ಅಂಕಿ ಕೂಡಿಸಿ ಎರಡರಿಂದ ಭಾಗಿಸಿ.

ಮೂರನೇ ಚತುರ್ಥಕದಿಂದ ಮೊದಲನೆಯದನ್ನು ಕಳೆದರೆ ಬರುವುದು ಚತುರ್ಥಕ ಅಂತರ. ನಡಿಗೆಗೆ 20ರಿಂದ 18 ಕಳೆದರೆ 2. ರಿಕ್ಷಾಕ್ಕೆ 22ರಿಂದ 12 ಕಳೆದರೆ 10. ನಡುವಿನ ಅರ್ಧ ದಿನಗಳು ಎಷ್ಟು ಅಗಲದಲ್ಲಿ ಹರಡಿವೆ ಅಂತ ಈ ಅಂಕಿ ಹೇಳುತ್ತದೆ. ಸರಾಸರಿ ಎರಡಕ್ಕೂ ಒಂದೇ ಬಂದಿತ್ತು. ಇದು ಒಂದಕ್ಕೆ 2, ಇನ್ನೊಂದಕ್ಕೆ 10! ನಮ್ಮ ಚಹಾದ ಹೊತ್ತಿನ ವಾದಕ್ಕೆ ಕಾರಣ ಇಲ್ಲಿ ಸಿಕ್ಕಿತು.

ಪೆಟ್ಟಿಗೆ ಮತ್ತು ಮೀಸೆ

ಚುಕ್ಕಿ ಇಟ್ಟ ಅದೇ ಗೆರೆಯ ಮೇಲ್ಗಡೆ ಬರೆಯಿರಿ. ಮೊದಲನೇ ಚತುರ್ಥಕದ ಹತ್ತಿರ ಒಂದು ನಿಂತ ಗೆರೆ, ಮೂರನೆಯದರ ಹತ್ತಿರ ಇನ್ನೊಂದು. ಎರಡನ್ನೂ ಸೇರಿಸಿ ಪೆಟ್ಟಿಗೆ ಮಾಡಿ. ಒಳಗೆ ಮಧ್ಯಾಂಕದ ಜಾಗದಲ್ಲಿ ಒಂದು ದಪ್ಪ ಗೆರೆ. ಪೆಟ್ಟಿಗೆಯ ಎರಡೂ ಬದಿಯಿಂದ ಹೊರಗೆ ಒಂದೊಂದು ಅಡ್ಡ ಗೆರೆ. ಇಂಗ್ಲಿಷಿನಲ್ಲಿ ಅದಕ್ಕೆ ವಿಸ್ಕರ್ ಅನ್ನುತ್ತಾರೆ, ಅಂದರೆ ಬೆಕ್ಕಿನ ಮೀಸೆ. ನಮಗೂ ಮೀಸೆ ಅನ್ನುವುದೇ ಚೆಂದ.

ನಡಿಗೆಯ ಪೆಟ್ಟಿಗೆ ನಮ್ಮ ಅಳತೆಯಲ್ಲಿ ಎಡತುದಿಯಿಂದ 3.6 ಸೆಂಟಿಮೀಟರಿನಲ್ಲಿ ಶುರುವಾಗಿ 4 ಸೆಂಟಿಮೀಟರಿಗೆ ಮುಗಿಯುತ್ತದೆ. ಬರೀ 4 ಮಿಲಿಮೀಟರ್ ಅಗಲ, ಬೆಂಕಿಕಡ್ಡಿ ನಿಲ್ಲಿಸಿದ ಹಾಗೆ. ರಿಕ್ಷಾದ ಪೆಟ್ಟಿಗೆ 2.4ರಿಂದ 4.4ರ ತನಕ, ಪೂರ್ತಿ 2 ಸೆಂಟಿಮೀಟರ್. ಎರಡನ್ನೂ ಮೇಲೆ ಕೆಳಗೆ ಬರೆದ ಮೇಲೆ ಮನೆಯಲ್ಲಿ ಯಾರೂ ಐದು ನಿಮಿಷ ಮಾತಾಡಲಿಲ್ಲ.

ಓದುವಾಗ ಒಂದು ತಪ್ಪು ಸುಲಭವಾಗಿ ಆಗುತ್ತದೆ. ರಿಕ್ಷಾದ ಪೆಟ್ಟಿಗೆಯಲ್ಲಿ ಮಧ್ಯಾಂಕದ ಎಡಭಾಗ 12ರಿಂದ 16, ಅಂದರೆ 4 ನಿಮಿಷ. ಬಲಭಾಗ 16ರಿಂದ 22, ಅಂದರೆ 6 ನಿಮಿಷ. "ಬಲಗಡೆ ಉದ್ದ ಇದೆ, ಅಲ್ಲಿ ದಿನಗಳು ಜಾಸ್ತಿ" ಅಂತ ಮಗಳು ಹೇಳಿದಳು. ಹಾಗಲ್ಲ. ಎರಡೂ ಭಾಗದಲ್ಲಿ ಸುಮಾರು ಕಾಲು ಪಾಲು ದಿನಗಳೇ ಇವೆ. ಮೀಸೆಗಳಲ್ಲೂ ಒಂದೊಂದು ಕಾಲು ಪಾಲು. ಭಾಗ ಉದ್ದ ಇದ್ದರೆ ಅಲ್ಲಿ ದಿನಗಳು ವಿರಳವಾಗಿ ಚದುರಿವೆ ಅಂತ ಅರ್ಥ. ಗಿಡ್ಡ ಇದ್ದರೆ ಒತ್ತೊತ್ತಾಗಿವೆ. ಒಂದೇ ಲೆಕ್ಕದ ಜನ, ರೈಲಿನ ಒಂದು ಡಬ್ಬಿಯಲ್ಲಿ ಆರಾಮಾಗಿ ನಿಂತಿದ್ದಾರೆ, ಇನ್ನೊಂದರಲ್ಲಿ ಒತ್ತಿಕೊಂಡು ನಿಂತಿದ್ದಾರೆ ಅಂದುಕೊಳ್ಳಿ. ಲೋಕಲ್‌ನಲ್ಲಿ ಓಡಾಡುವವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ.

ಬೇಲಿಯ ಆಚೆಯ ಚುಕ್ಕಿ

ಮೀಸೆ ಎಲ್ಲಿಯ ತನಕ ಎಳೆಯಬೇಕು? ಸರಳ ಚಿತ್ರದಲ್ಲಿ ಕನಿಷ್ಠದಿಂದ ಗರಿಷ್ಠದ ತನಕ ಎಳೆದುಬಿಡುತ್ತಾರೆ. ಹಾಗೆ ಮಾಡಿದರೆ ರಿಕ್ಷಾದ ಬಲಮೀಸೆ 22ರಿಂದ 56ರ ತನಕ ಓಡುತ್ತದೆ. ನೋಡಿದವರು 30, 40, 50 ನಿಮಿಷ ಹಿಡಿದ ದಿನಗಳೂ ಇವೆ ಅಂದುಕೊಳ್ಳುತ್ತಾರೆ. ಅಂಥ ಒಂದು ದಿನವೂ ನಮ್ಮ ವಹಿಯಲ್ಲಿಲ್ಲ.

ಇದಕ್ಕೊಂದು ನಿಯಮ ಇದೆ. ಅಮೆರಿಕದ ಜಾನ್ ಟ್ಯೂಕಿ ಅನ್ನುವ ಗಣಿತಜ್ಞರು 1970ರ ದಶಕದಲ್ಲಿ ಪೆಟ್ಟಿಗೆ ಚಿತ್ರವನ್ನು ಎಲ್ಲ ಕಡೆ ಬಳಕೆಗೆ ತಂದರು. ಅವರಿಗಿಂತ ಮುಂಚೆ, 1952ರಲ್ಲೇ, ಮೇರಿ ಎಲೀನರ್ ಸ್ಪಿಯರ್ ಇಂಥದೇ ಒಂದು ಪಟ್ಟಿ ಚಿತ್ರವನ್ನು ತೋರಿಸಿದ್ದರು. ಟ್ಯೂಕಿಯವರ ನಿಯಮ ಹೀಗಿದೆ. ಚತುರ್ಥಕ ಅಂತರವನ್ನು 1.5ರಿಂದ ಗುಣಿಸಿ. ಅಷ್ಟನ್ನು ಮೂರನೇ ಚತುರ್ಥಕಕ್ಕೆ ಕೂಡಿಸಿ, ಮೊದಲನೆಯದರಿಂದ ಕಳೆಯಿರಿ. ಎರಡು ಕಡೆ ಬೇಲಿ ಸಿಕ್ಕಿತು. ಮೀಸೆಯನ್ನು ಬೇಲಿಯ ಒಳಗಿನ ಕೊನೆಯ ಅಂಕಿಯ ತನಕ ಮಾತ್ರ ಎಳೆಯಿರಿ, ಬೇಲಿಯ ತನಕ ಅಲ್ಲ. ಬೇಲಿಯ ಆಚೆ ಇದ್ದದ್ದನ್ನು ಒಂಟಿ ಚುಕ್ಕಿಯಾಗಿ ಇಡಿ.

ರಿಕ್ಷಾಕ್ಕೆ ಲೆಕ್ಕ ಹಾಕೋಣ. 10ರ ಒಂದೂವರೆ ಪಟ್ಟು 15. ಮೇಲಿನ ಬೇಲಿ 22 ಕೂಡಿಸು 15, ಅಂದರೆ 37. ಕೆಳಗಿನ ಬೇಲಿ 12ರಿಂದ 15 ಕಳೆದರೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಆ ಕಡೆ ಚಿಂತೆ ಇಲ್ಲ. 37ರ ಒಳಗಿನ ಕೊನೆಯ ಅಂಕಿ 26. ಮೀಸೆ ಅಲ್ಲಿಗೆ ನಿಲ್ಲುತ್ತದೆ. 56 ಹೊರಗೆ ಉಳಿಯುತ್ತದೆ. ನಡಿಗೆಗೆ ಬೇಲಿಗಳು 15 ಮತ್ತು 23. ಎಲ್ಲ ದಿನಗಳೂ ಒಳಗೇ ಇವೆ, 22 ಕೂಡ.

ಒಂದೂವರೆಯೇ ಯಾಕೆ? ನಡುವೆ ಎತ್ತರ, ಎರಡೂ ಕಡೆ ಒಂದೇ ಥರ ಇಳಿಜಾರು, ಹೀಗೆ ಗುಡಿಯ ಗಂಟೆಯ ಆಕಾರದಲ್ಲಿ ಹರಡಿದ ಅಂಕಿಗಳಿದ್ದರೆ ಈ ಬೇಲಿಯ ಆಚೆ ಸಾವಿರಕ್ಕೆ ಸುಮಾರು 7 ಮಾತ್ರ ಬೀಳುತ್ತವೆ. ಅಂದರೆ ಬೇಲಿ ದಾಟಿದ ಚುಕ್ಕಿಯನ್ನು ಒಮ್ಮೆ ನಿಂತು ನೋಡಬೇಕು. ನೋಡಬೇಕು ಅಂದೆ, ಅಳಿಸಬೇಕು ಅನ್ನಲಿಲ್ಲ.

ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2005ರ ಜುಲೈ 26ರಂದು ನಾನು ಕೊಲಾಬಾದ ಪಕ್ಕದ ಫೋರ್ಟಿನ ಆಫೀಸಿನಲ್ಲಿದ್ದೆ. ಕಿಟಕಿಯ ಹೊರಗೆ ಮಾಮೂಲಿ ಮಳೆ. ಗಾಡಿಗಳು ನಿಂತಿವೆ ಅಂತ ಸುದ್ದಿ ಬಂದಾಗ ನಮಗೆ ನಂಬಿಕೆಯೇ ಬರಲಿಲ್ಲ. ಇಷ್ಟು ಮಳೆಗೆ ಲೋಕಲ್ ನಿಲ್ಲುತ್ತದಾ? ಅವತ್ತು ರಾತ್ರಿ ಆಫೀಸಿನ ನೆಲದ ಮೇಲೇ ಮಲಗಿದೆವು. ಆಮೇಲೆ ಗೊತ್ತಾಯಿತು. ಹವಾಮಾನ ಇಲಾಖೆಗೆ ಮುಂಬಯಿಯಲ್ಲಿ ಕೊಲಾಬಾ ಮತ್ತು ಸಾಂತಾಕ್ರೂಜ್‌ನಲ್ಲಿ ಮಳೆ ಅಳೆಯುವ ಕೇಂದ್ರಗಳಿವೆ. ಆ 24 ಗಂಟೆಯಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದಿತ್ತು. ಕೊಲಾಬಾದಲ್ಲಿ 75ರ ಆಸುಪಾಸು. ಒಂದೇ ಊರು, ಒಂದೇ ದಿನ. ಮೀಠಿ ನದಿ ಉಕ್ಕಿ ಉಪನಗರದ ಎಷ್ಟೋ ಮನೆಗಳಿಗೆ ನುಗ್ಗಿತ್ತು.

ಸಾಂತಾಕ್ರೂಜ್‌ನ ಮಳೆಗಾಲದ ದಿನಗಳಿಗೆ ಚುಕ್ಕಿ ಇಟ್ಟರೆ 944 ಗೆರೆಯ ತೀರಾ ಕೊನೆಗೆ, ಒಂಟಿಯಾಗಿ ನಿಲ್ಲುತ್ತದೆ. ಅಳತೆಯ ತಪ್ಪು ಇರಬೇಕು ಅಂತ ಯಾರಾದರೂ ಅಳಿಸಿದರೆ ಅವತ್ತು ನಡೆದದ್ದೇ ಅಳಿಸಿ ಹೋಗುತ್ತದೆ. ಚರಂಡಿ ಎಷ್ಟು ಅಗಲ ಇರಬೇಕು ಅಂತ ಯೋಚಿಸುವವರಿಗೆ ಪೆಟ್ಟಿಗೆಯ ನಡುಗೆರೆಗಿಂತ ಆ ಚುಕ್ಕಿಯೇ ಮುಖ್ಯ.

ಆದ್ದರಿಂದ ಒಂಟಿ ಚುಕ್ಕಿ ಕಂಡರೆ ವಹಿ ತೆರೆದು ನೋಡಿ. 26 ಅನ್ನು 62 ಅಂತ ಬರೆದ ಕೈತಪ್ಪಾದರೆ ತಿದ್ದಿ. ನಿಜವಾಗಿ ನಡೆದದ್ದಾದರೆ ಹಾಗೇ ಬಿಡಿ, ಪಕ್ಕದಲ್ಲಿ ಕಾರಣ ಬರೆಯಿರಿ. ನಮ್ಮ 56ರ ಪಕ್ಕದಲ್ಲಿ ಹೆಂಡತಿಯ ಕೈಬರಹ ಇದೆ: "ಜೋರು ಮಳೆ, ರಿಕ್ಷಾವೇ ಇಲ್ಲ, ಕೊನೆಗೆ ಅರ್ಧ ದಾರಿ ನಡೆದೆ."

ಆ ಒಂದು ದಿನ ಸರಾಸರಿಯನ್ನು ಎಷ್ಟು ಎಳೆದಿದೆ ನೋಡಿ. 56 ಬಿಟ್ಟು ಲೆಕ್ಕ ಹಾಕಿದರೆ ರಿಕ್ಷಾದ ಸರಾಸರಿ 19ರಿಂದ 16.4ಕ್ಕೆ ಇಳಿಯುತ್ತದೆ. ಮಧ್ಯಾಂಕ 16ರಿಂದ 15.5ಕ್ಕೆ, ಅಷ್ಟೇ. ಒಂಟಿ ಚುಕ್ಕಿ ಇರುವ ಕಡೆ ನಡುವನ್ನು ಹೇಳಲು ಮಧ್ಯಾಂಕವನ್ನೇ ನಂಬಿ.

ಪಕ್ಕಪಕ್ಕ ಇಟ್ಟು ಓದುವುದು

ಮೊದಲು ನಡುವನ್ನು ನೋಡಿ. ರಿಕ್ಷಾದ ಮಧ್ಯಾಂಕ 16, ನಡಿಗೆಯದು 19. ಮಾಮೂಲಿ ದಿನ ರಿಕ್ಷಾ 3 ನಿಮಿಷ ಬೇಗ. 15ರಲ್ಲಿ 10 ದಿನ ಅದು 19 ನಿಮಿಷಕ್ಕಿಂತ ಬೇಗ ಮುಟ್ಟಿಸಿದೆ. ಹೆಂಡತಿ ಹೇಳುತ್ತಿದ್ದುದು ಸುಳ್ಳಲ್ಲ.

ಆಮೇಲೆ ಹರಡಿಕೆ. ನಡಿಗೆಯ ಚತುರ್ಥಕ ಅಂತರ 2, ರಿಕ್ಷಾದ್ದು 10. ಸರಾಸರಿಯಿಂದ ಪ್ರತಿ ದಿನ ಎಷ್ಟು ದೂರ ಇದೆ ಅಂತ ಅಳೆದು, ಆ ದೂರಗಳ ಸರಾಸರಿ ತೆಗೆದರೂ ಇದೇ ಕಥೆ: ನಡಿಗೆಗೆ 14 ಭಾಗಿಸು 15, ಒಂದು ನಿಮಿಷಕ್ಕೂ ಕಡಿಮೆ. ರಿಕ್ಷಾಕ್ಕೆ 106 ಭಾಗಿಸು 15, ಏಳು ನಿಮಿಷದ ಮೇಲೆ. ನಡಿಗೆಯನ್ನು ನೆಚ್ಚಿಕೊಳ್ಳಬಹುದು. ನಾನು ಹೇಳುತ್ತಿದ್ದುದೂ ಸುಳ್ಳಲ್ಲ.

ಈಗ ನಮ್ಮ ಮೊದಲಿನ ಪ್ರಶ್ನೆಗೆ ಬನ್ನಿ. ಚುಕ್ಕಿ ಚಿತ್ರದ ಮೇಲೆ ಸ್ಕೇಲನ್ನು ನಿಲ್ಲಿಸಿ, ಬಲಗಡೆ ಉಳಿದ ಚುಕ್ಕಿಗಳನ್ನು ಎಣಿಸಿ. 7.58ಕ್ಕೆ ಮನೆ ಬಿಟ್ಟರೆ ಕೈಯಲ್ಲಿ 16 ನಿಮಿಷ. ರಿಕ್ಷಾದಲ್ಲಿ 15ರಲ್ಲಿ 8 ದಿನ 8.14 ಸಿಗುತ್ತದೆ, ನಡೆದರೆ ಒಂದು ದಿನವೂ ಇಲ್ಲ. 7.54ಕ್ಕೆ ಬಿಟ್ಟರೆ 20 ನಿಮಿಷ. ನಡೆದರೆ ತಪ್ಪುವುದು ಒಂದು ದಿನ, ರಿಕ್ಷಾದಲ್ಲಿ ನಾಲ್ಕು ದಿನ. 7.52ಕ್ಕೆ ಬಿಟ್ಟರೆ ನಡೆದವರಿಗೆ ಒಂದು ದಿನವೂ ತಪ್ಪುವುದಿಲ್ಲ, ರಿಕ್ಷಾದವರಿಗೆ ಇನ್ನೂ ಮೂರು ದಿನ ತಪ್ಪುತ್ತದೆ. ಹೋಲಿಕೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. "ಯಾವುದು ಬೇಗ" ಮತ್ತು "ಯಾವುದು ಕೈ ಕೊಡುವುದಿಲ್ಲ" ಬೇರೆ ಬೇರೆ ಪ್ರಶ್ನೆಗಳು. ಒಂದೇ ಚಿತ್ರದಲ್ಲಿ ಎರಡಕ್ಕೂ ಉತ್ತರ ಇದೆ, ಆದರೆ ಉತ್ತರ ಒಂದೇ ಅಲ್ಲ.

ಕೆಲವು ಶಾಲೆಯ ಪುಸ್ತಕಗಳಲ್ಲಿ ಇನ್ನೊಂದು ಅಳತೆಯೂ ಬರುತ್ತದೆ. ಎರಡು ಮಧ್ಯಾಂಕಗಳ ವ್ಯತ್ಯಾಸವನ್ನು ಚತುರ್ಥಕ ಅಂತರದಿಂದ ಭಾಗಿಸುವುದು. ಎರಡರ ಹರಡಿಕೆ ಹತ್ತಿರ ಹತ್ತಿರ ಇದ್ದಾಗ ಇದು ತುಂಬಾ ಉಪಯುಕ್ತ. ಉದಾಹರಣೆಗೆ, ನಿಧಾನ ನಡೆಯುವವರೊಬ್ಬರ ಪೆಟ್ಟಿಗೆ 21ರಿಂದ 23, ಮಧ್ಯಾಂಕ 22 ಅಂತ ಇಟ್ಟುಕೊಳ್ಳಿ. ನನ್ನದಕ್ಕೂ ಅದಕ್ಕೂ ವ್ಯತ್ಯಾಸ 3, ಅಂತರ ಇಬ್ಬರಿಗೂ 2. ಒಂದೂವರೆ ಪಟ್ಟು ಬಂತು. ಪೆಟ್ಟಿಗೆಗಳು ಒಂದನ್ನೊಂದು ಮುಟ್ಟುವುದೂ ಇಲ್ಲ. ಇಬ್ಬರ ನಡಿಗೆಯಲ್ಲಿ ವ್ಯತ್ಯಾಸ ಇದೆ ಅಂತ ಧೈರ್ಯವಾಗಿ ಹೇಳಬಹುದು. ಆದರೆ ನಡಿಗೆ ಮತ್ತು ರಿಕ್ಷಾಕ್ಕೆ ಇದನ್ನು ಹಾಕಿದರೆ 2ರಿಂದ ಭಾಗಿಸಬೇಕೋ 10ರಿಂದ ಭಾಗಿಸಬೇಕೋ? ಒಂದರಲ್ಲಿ 1.5, ಇನ್ನೊಂದರಲ್ಲಿ 0.3. ಇಲ್ಲಿ ನಡುಗಳ ಅಂತರಕ್ಕಿಂತ ಹರಡಿಕೆಯ ಅಂತರವೇ ದೊಡ್ಡ ಸುದ್ದಿ. ಆ ಸೂತ್ರವನ್ನು ಇಲ್ಲಿ ಹಾಕಲೇಬೇಡಿ.

ಮತ್ತೆ, 15 ದಿನ ಅಂದರೆ ಕಮ್ಮಿಯೇ. "ಯಾವಾಗಲೂ" ಅಂತ ಬರೆಯಬೇಡಿ, "ಈ 15 ದಿನಗಳಲ್ಲಿ" ಅಂತ ಬರೆಯಿರಿ. ಇನ್ನೊಂದು 15 ದಿನ ಸೇರಿಸಿದ ಮೇಲೂ ಪೆಟ್ಟಿಗೆಗಳು ಅಲ್ಲೇ ಇದ್ದರೆ ಆಗ ದನಿ ಸ್ವಲ್ಪ ಏರಿಸಬಹುದು.

ಪೆಟ್ಟಿಗೆ ಮುಚ್ಚಿಡುವ ಸಂಗತಿ

ಪೆಟ್ಟಿಗೆ ಚೆನ್ನಾಗಿದೆ ಅಂತ ಚುಕ್ಕಿಯನ್ನು ಬಿಡಬೇಡಿ. ಒಂದು ಉದಾಹರಣೆ ಕಟ್ಟೋಣ. ಲೋಕಲ್ ಗಾಡಿಯಲ್ಲಿ ಠಾಣೆಯಿಂದ ಮುಂಬಯಿಯ ಕೊನೆಯ ಸ್ಟೇಷನ್ನಾದ ಸಿಎಸ್‌ಎಂಟಿಗೆ ಹೋಗುವ ಒಬ್ಬರು 12 ದಿನ ನಿಮಿಷ ಬರೆದಿಟ್ಟಿದ್ದಾರೆ ಅಂದುಕೊಳ್ಳಿ: 44, 45, 45, 46, 47, 48, 59, 60, 60, 61, 62, 63. ಮಧ್ಯಾಂಕ 48 ಮತ್ತು 59ರ ನಡುವೆ, 53.5. ಪೆಟ್ಟಿಗೆ 45.5ರಿಂದ 60.5ರ ತನಕ. ಪೆಟ್ಟಿಗೆ ಮಾತ್ರ ನೋಡಿದವರು "ಸಾಮಾನ್ಯವಾಗಿ 53 ನಿಮಿಷ ಆಗುತ್ತದೆ" ಅನ್ನುತ್ತಾರೆ. 53 ನಿಮಿಷಕ್ಕೆ ಮುಟ್ಟಿದ ದಿನ ಒಂದೂ ಇಲ್ಲ! ಚುಕ್ಕಿ ಇಟ್ಟರೆ ತಕ್ಷಣ ಎರಡು ಗುಂಪು ಕಾಣುತ್ತದೆ. ಒಂದು ಫಾಸ್ಟ್ ಗಾಡಿಯ ದಿನಗಳು, ಇನ್ನೊಂದು ಸ್ಲೋ ಗಾಡಿಯ ದಿನಗಳು. ಪೆಟ್ಟಿಗೆಯ ನಡುವಿನ ದಪ್ಪ ಗೆರೆ ಖಾಲಿ ಜಾಗದಲ್ಲಿ ನಿಂತಿದೆ. ಇಂಥ ಅಂಕಿಗಳನ್ನು ಎರಡು ವಹಿಯಾಗಿ ಒಡೆದು, ಎರಡು ಪೆಟ್ಟಿಗೆ ಬರೆಯಬೇಕು.

ಅದಕ್ಕೇ ನನ್ನ ಕ್ರಮ ಹೀಗಿದೆ. ಅಂಕಿಗಳ ಸಂಖ್ಯೆ 30, 40ರ ಒಳಗಿದ್ದರೆ ಮೊದಲು ಚುಕ್ಕಿ, ಆಮೇಲೆ ಪೆಟ್ಟಿಗೆ, ಎರಡೂ ಒಂದೇ ಗೆರೆಯ ಮೇಲೆ. ನೂರಾರು ಅಂಕಿಗಳಿದ್ದರೆ, ಅಥವಾ ಐದಾರು ಗುಂಪುಗಳನ್ನು ಒಟ್ಟಿಗೆ ಹೋಲಿಸಬೇಕಿದ್ದರೆ, ಪೆಟ್ಟಿಗೆಯೇ ವಾಸಿ.

ಕಂಪ್ಯೂಟರಿನಲ್ಲಿ ಮಾಡುವವರಿಗೆ ಒಂದು ಸೂಚನೆ. ಎಕ್ಸೆಲ್‌ನಲ್ಲಿ 2016ರಿಂದ ಪೆಟ್ಟಿಗೆ ಚಿತ್ರ ಸಿದ್ಧವಾಗೇ ಸಿಗುತ್ತದೆ. ಕ್ವಾರ್ಟೈಲ್, ಅಂದರೆ ಚತುರ್ಥಕದ, ಸೂತ್ರ ಎರಡು ಬಗೆ ಇದೆ, ಒಂದರ ಬಾಲದಲ್ಲಿ ಇ-ಎಕ್ಸ್-ಸಿ, ಇನ್ನೊಂದರಲ್ಲಿ ಐ-ಎನ್-ಸಿ. ನಮ್ಮ ರಿಕ್ಷಾದ ಅಂಕಿಗೆ ಮೊದಲನೆಯದು 12 ಮತ್ತು 22 ಕೊಡುತ್ತದೆ, ನಾವು ಕೈಯಲ್ಲಿ ಮಾಡಿದಷ್ಟೇ. ಎರಡನೆಯದು 12.5 ಮತ್ತು 21 ಕೊಡುತ್ತದೆ. ಎರಡೂ ತಪ್ಪಲ್ಲ, ಎಣಿಸುವ ರೀತಿ ಬೇರೆ. ಮಗುವಿನ ಉತ್ತರ ಪುಸ್ತಕದ ಉತ್ತರಕ್ಕೆ ಅರ್ಧ ಅಂಕಿ ಹೊಂದದೇ ಇದ್ದರೆ ಬೈಯುವ ಮುಂಚೆ ಇದನ್ನು ನೋಡಿ. ಹೋಲಿಸುವ ಎರಡಕ್ಕೂ ಒಂದೇ ಬಗೆಯನ್ನು ಬಳಸಿದ್ದರೆ ಸಾಕು.

ನಿಮ್ಮ ಕೈಗೆ ಒಂದು ಲೆಕ್ಕ

ಮಾಟುಂಗಾದಲ್ಲಿ ಹೂವು ಕೊಳ್ಳುತ್ತೀರಿ ಅಂದುಕೊಳ್ಳಿ. ಎರಡು ಅಂಗಡಿ, 11 ದಿನ, ಒಂದು ಮೊಳ ಮಲ್ಲಿಗೆಯ ಬೆಲೆ ರೂಪಾಯಿಯಲ್ಲಿ. ಅಭ್ಯಾಸಕ್ಕೆ ನಾನೇ ಜೋಡಿಸಿದ ಬೆಲೆಗಳು.

ಮೊದಲ ಅಂಗಡಿ: 25, 25, 30, 30, 30, 30, 30, 35, 35, 35, 40
ಎರಡನೇ ಅಂಗಡಿ: 20, 20, 20, 25, 25, 30, 35, 40, 40, 50, 80

ಚುಕ್ಕಿ ಇಡಿ, ಐದು ಅಂಕಿ ತೆಗೆಯಿರಿ, ಬೇಲಿ ಹಾಕಿ, ಪೆಟ್ಟಿಗೆ ಬರೆಯಿರಿ. 11ರಲ್ಲಿ ಮಧ್ಯಾಂಕ ಆರನೆಯದು, ಚತುರ್ಥಕಗಳು ಮೂರನೆಯದು ಮತ್ತು ಒಂಬತ್ತನೆಯದು.

ಉತ್ತರ ಸರಿ ನೋಡಿಕೊಳ್ಳಿ. ಎರಡರ ಮಧ್ಯಾಂಕವೂ 30. ಮೊದಲ ಅಂಗಡಿಯ ಪೆಟ್ಟಿಗೆ 30ರಿಂದ 35, ಮಧ್ಯಾಂಕದ ಗೆರೆ ಪೆಟ್ಟಿಗೆಯ ಎಡಗೋಡೆಗೇ ಅಂಟಿಕೊಂಡಿದೆ. ಗಾಬರಿ ಬೇಡ, 30 ಐದು ಸಲ ಬಂದಿದ್ದರಿಂದ ಹಾಗೆ. ಎರಡನೇ ಅಂಗಡಿಯ ಪೆಟ್ಟಿಗೆ 20ರಿಂದ 40. ಎಡಕ್ಕೆ ಮೀಸೆಯೇ ಇಲ್ಲ, ಕನಿಷ್ಠ ಬೆಲೆಯೂ 20 ಆದ್ದರಿಂದ. ಮೇಲಿನ ಬೇಲಿ 70, ಬಲಮೀಸೆ 50ಕ್ಕೆ ನಿಲ್ಲುತ್ತದೆ, 80 ಒಂಟಿ ಚುಕ್ಕಿ. ಅದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅಂತ ಇಟ್ಟುಕೊಳ್ಳಿ. ಅಗ್ಗದ ದಿನ ನೋಡಿ ಕೊಳ್ಳುವವರಿಗೆ ಎರಡನೇ ಅಂಗಡಿ. ದಿನಾ ದೇವರಿಗೆ ಒಂದು ಮೊಳ ಬೇಕೇ ಬೇಕು, ತಿಂಗಳ ಖರ್ಚು ಮೊದಲೇ ಗೊತ್ತಿರಬೇಕು ಅನ್ನುವವರಿಗೆ ಮೊದಲ ಅಂಗಡಿ.

ನಮ್ಮ ಮನೆಯಲ್ಲಿ ಈಗ 7.52ಕ್ಕೆ ಬೀಗ ಬೀಳುತ್ತದೆ, ಇಬ್ಬರೂ ನಡೆದೇ ಹೋಗುತ್ತೇವೆ. ಗಾಡಿಯ ಟೈಮಿನ ಹಂಗಿಲ್ಲದ ಶನಿವಾರ ಹೆಂಡತಿಗೆ ರಿಕ್ಷಾ. ಮಗಳು ವಹಿಯಲ್ಲಿ ಹೊಸ ಕಾಲಂ ಎಳೆದಿದ್ದಾಳೆ. ಮೇಲೆ "ಮಳೆ ದಿನ, ನಡಿಗೆ" ಅಂತ ಬರೆದಿದ್ದಾಳೆ, ಕೆಳಗೆ ಸದ್ಯಕ್ಕೆ ಮೂರೇ ಅಂಕಿ.